ಬೇರಿಗೂ ಒಂದು ಬೇರು ಬೇಕೇ?

ಇನ್ನೊಬ್ಬರನ್ನು ವಿನಾಕಾರಣ ನೋಯಿಸುವುದು ತಪ್ಪು. ಏಕೆ ತಪ್ಪು ಎಂದರೆ, ನೋವು ಕೆಟ್ಟದ್ದು ಎಂಬ ಉತ್ತರ ಬರುತ್ತದೆ. ನೋವೇಕೆ ಕೆಟ್ಟದ್ದು ಎಂದರೆ ಮತ್ತೊಂದು ಕಾರಣ ಹುಡುಕಬೇಕು. ಹೀಗೆ ತುದಿಯಿಲ್ಲದೆ ಬೆಳೆಯುವ ದೋಷಕ್ಕೆ ಭಾರತೀಯ ತರ್ಕಶಾಸ್ತ್ರ ಅನವಸ್ಥೆ ಎಂದು ಹೆಸರಿಟ್ಟಿದೆ. ಎಲ್ಲೋ ಒಂದೆಡೆ ನಿಲ್ಲಲೇಬೇಕು; ಆದರೆ ನಿಂತ ನೆಲ ಗಟ್ಟಿಯೇ ಎಂಬ ಪ್ರಶ್ನೆ ಉಳಿಯುತ್ತದೆ.

ಕಾರಣಗಳ ಸಾಲು ಹೀಗೆ ಒಂದೆಡೆ ನಿಲ್ಲುವುದನ್ನು ಅಶೋಕನ ಶಾಸನಗಳಲ್ಲೂ ಕಾಣಬಹುದು. ಯಾದಗಿರಿ, ಶಹಾಪುರಗಳಿಗೆ ಸಮೀಪದಲ್ಲಿ, ಭೀಮಾ ದಂಡೆಯ ಸನ್ನತಿಯಲ್ಲಿ 1986ರಲ್ಲಿ ಅವನ ಶಾಸನಗಳಿರುವ ಕಲ್ಲು ಬೆಳಕಿಗೆ ಬಂತು. ಅಶೋಕನ ಬಂಡೆಗಲ್ಲು ಶಾಸನಗಳ ಸಾಲಿನಲ್ಲಿ 12ನೆಯದಾದ ಅಲ್ಲಿನ ಒಂದು ಶಾಸನ ಪರಮತವನ್ನು ಹಳಿಯಬಾರದೆಂದು ಹೇಳಿ ಕಾರಣವನ್ನೂ ಕೊಡುತ್ತದೆ: ಹಳಿಯುವವನು ತನ್ನ ಮತಕ್ಕೇ ಕೇಡು ಮಾಡುತ್ತಾನೆ. ಅದೇ ಕಲ್ಲಿನ ಇನ್ನೊಂದು ಶಾಸನದಲ್ಲಿ ಅಶೋಕ ಪ್ರಜೆಗಳೆಲ್ಲರನ್ನೂ ತನ್ನ ಮಕ್ಕಳೆಂದು ಕರೆದು ಅವರ ಹಿತ ಬಯಸುತ್ತಾನೆ. ಮಕ್ಕಳ ಹಿತವನ್ನು ಏಕೆ ಬಯಸಬೇಕೆಂದು ಎಲ್ಲೂ ವಿವರಿಸುವುದಿಲ್ಲ. ಕೇಳುವವರು ಅದನ್ನು ಆಗಲೇ ಒಪ್ಪಿದ್ದಾರೆ.

ಹೀಗೆ ಆಗಲೇ ಒಪ್ಪಿದ್ದಕ್ಕೆ ಆಧಾರವೇನು? ಇರುವುದನ್ನು ಎಷ್ಟೇ ವಿವರಿಸಿದರೂ ಅದರಿಂದಷ್ಟೇ ಇರಬೇಕಾದುದು ಹೊರಡದು ಎಂದು ತತ್ವಜ್ಞಾನಿ ಡೇವಿಡ್ ಹ್ಯೂಮ್ 1740ರಲ್ಲೇ ಎಚ್ಚರಿಸಿದ್ದ. ಕೆಲವು ಕರ್ತವ್ಯಗಳು ವಿವೇಕಿಗೆ ತಾವಾಗಿಯೇ ತಿಳಿಯುತ್ತವೆ, ಪುರಾವೆ ಬೇಡ ಎಂದು ನೀತಿ ತತ್ವಜ್ಞಾನಿ ಡಬ್ಲ್ಯು. ಡಿ. ರಾಸ್ 1930ರಲ್ಲಿ ವಾದಿಸಿದ. ಈ ವಾದ ಅರ್ಧ ಮಾತ್ರ ಸರಿ. ಹೆಣ್ಣು ಗಂಡಿಗಿಂತ ಕೀಳು, ಹುಟ್ಟಿನಿಂದಲೇ ಕೆಲವರು ಅಸ್ಪೃಶ್ಯರು ಎಂಬವೂ ಶತಮಾನಗಳ ಕಾಲ ಪುರಾವೆ ಬೇಡದ ಸತ್ಯಗಳಂತೆಯೇ ನಡೆದವು.

ಸುರಪುರ ಸೀಮೆಯ ಮುದನೂರಿನ ನೇಕಾರ, ಬಸವಣ್ಣನವರಿಗಿಂತ ಹಿಂದಿನ ವಚನಕಾರ ದೇವರ ದಾಸಿಮಯ್ಯ ಇಂಥ ಒಂದು ‘ಸತ್ಯ’ವನ್ನು ಪ್ರಶ್ನಿಸಿದ. ಹೆಣ್ಣು, ಗಂಡು ಎಂಬ ಗುರುತುಗಳು ದೇಹದವು, ಒಳಗಿನ ಆತ್ಮ ಎರಡೂ ಅಲ್ಲ ಎಂಬುದು ಅವನ ವಾದ. ಇಲ್ಲಿ ಸಮಾನತೆಗಿಂತ ಮೊದಲು ಭೇದವೇ ಕಾರಣ ಕೊಡಬೇಕಾಗುತ್ತದೆ. ನ್ಯಾಯವಾದದ್ದೂ ಇದೇ: ಎಲ್ಲರಿಗೂ ಸಲ್ಲುವುದನ್ನು ಕೆಲವರಿಗೆ ನಿರಾಕರಿಸುವವರ ಮೇಲೆಯೇ ಸಮರ್ಥನೆಯ ಹೊಣೆ ಹೆಚ್ಚು.

ಆತ್ಮವೂ ಒಂದು ನಂಬಿಕೆಯೇ ಅಲ್ಲವೇ ಎಂಬ ಆಕ್ಷೇಪಕ್ಕೆ ಅರ್ಥವಿದೆ. ಆದರೆ ಆತ್ಮವನ್ನು ಒಪ್ಪದವರೂ ಹೆಣ್ಣಿನ ನೋವು, ಬುದ್ಧಿ, ದುಡಿಮೆಗಳನ್ನು ಕಂಡು ಅದೇ ತೀರ್ಮಾನಕ್ಕೆ ಬರಬಲ್ಲರು. ಮೂಲ ನಂಬಿಕೆ, ನಿರ್ದಿಷ್ಟ ಸಂದರ್ಭದ ತೀರ್ಪು, ಲೋಕದ ತಿಳಿವಳಿಕೆ ಇವುಗಳನ್ನು ಒಂದರೊಡನೊಂದು ತಾಳೆ ನೋಡಿ, ಹೊಂದದ್ದನ್ನು ತಿದ್ದಿಕೊಳ್ಳುವ ಈ ಕ್ರಮವನ್ನು ತತ್ವಜ್ಞಾನಿ ಜಾನ್ ರಾಲ್ಸ್ 1971ರ ತನ್ನ ‘ನ್ಯಾಯಸಿದ್ಧಾಂತ’ ಗ್ರಂಥದಲ್ಲಿ ವಿವರಿಸಿದ. ಈ ಕ್ರಮದಲ್ಲಿ ಯಾವ ನಂಬಿಕೆಗೂ ಅಂತಿಮ ಪುರಾವೆ ಸಿಗುವುದಿಲ್ಲ, ಯಾವುದಕ್ಕೂ ಪರೀಕ್ಷೆಯಿಂದ ವಿನಾಯಿತಿಯೂ ಇಲ್ಲ.