ಸುರಂಗಕ್ಕೂ ಒಂದು ಜಗಲಿ ಬೇಕು

ಪುತ್ತೂರು, ಸುಳ್ಯ, ಕಡಬದ ಹಳೆಯ ಹೆಂಚಿನ ಮನೆಗಳಲ್ಲಿ ಅಂಗಳದಿಂದ ನೇರವಾಗಿ ಒಳಕೋಣೆಗೆ ದಾರಿಯಿಲ್ಲ. ಅಡಿಕೆ ಒಣಗುವ ಅಂಗಳದ ಬಿಸಿಲಿನಿಂದ ಮೊದಲು ಜಗಲಿ, ಅಲ್ಲಿಂದ ಚಾವಡಿ, ಆಮೇಲೆ ಒಳಮನೆಯ ನಸುಗತ್ತಲು. ಮಳೆಗಾಲವನ್ನು ನೆನೆದು ಕಟ್ಟಿದ ಜಗಲಿ ಬೇಸಿಗೆಯಲ್ಲಿ ಇನ್ನೊಂದು ಕೆಲಸವನ್ನೂ ಮಾಡುತ್ತದೆ: ಬಿಸಿಲಿಗೆ ಹೊಂದಿಕೊಂಡ ಕಣ್ಣನ್ನು ಹಂತಹಂತವಾಗಿ ಕತ್ತಲೆಗೆ ಇಳಿಸುತ್ತದೆ. ಇದೇ ಕಡಬ ತಾಲ್ಲೂಕಿನ ಗುಂಡ್ಯದಿಂದ ಮೇಲೇರುವ ರಾಷ್ಟ್ರೀಯ ಹೆದ್ದಾರಿ 75ರಲ್ಲಿ, ಶಿರಾಡಿ ಘಾಟಿಯಲ್ಲಿ, ಸುರಂಗ ಕೊರೆಯುವ ಮಾತು ವರ್ಷಗಳಿಂದ ನಡೆಯುತ್ತಿದೆ. ಆ ಚರ್ಚೆಯಲ್ಲಿ ಉದ್ದ, ವೆಚ್ಚ, ಭೂಕುಸಿತ, ಕಾಡು ಎಲ್ಲವೂ ಬರುತ್ತವೆ. ಚಾಲಕನ ಕಣ್ಣು ಮಾತ್ರ ಬರುವುದಿಲ್ಲ. ಸುರಂಗದ ಅಪಾಯ ಹೆಚ್ಚಾಗಿ ಇರುವುದು ಅದರ ಹೊಟ್ಟೆಯಲ್ಲಲ್ಲ, ಬಾಯಲ್ಲಿ. ಆ ಬಾಯಿಯನ್ನು ಹೇಗೆ ಕಟ್ಟುತ್ತೇವೆ, ಅದರ ಸುತ್ತ ಏನನ್ನು ಉಳಿಸುತ್ತೇವೆ ಎಂಬುದು ಅಲಂಕಾರದ ಪ್ರಶ್ನೆಯಲ್ಲ, ಜೀವದ ಪ್ರಶ್ನೆ.

ನಡುಹಗಲಿನ ಬಿಸಿಲು ಸುಮಾರು 1,00,000 ಲಕ್ಸ್. ಸುರಂಗದೊಳಗಿನ ಬೆಳಕು ಸಾಮಾನ್ಯವಾಗಿ ಅದರ ಸಾವಿರದಲ್ಲೊಂದು ಪಾಲೂ ಇರುವುದಿಲ್ಲ. ಕಣ್ಣಿನ ಪಾಪೆ 2 ಮಿಲಿಮೀಟರಿನಿಂದ 8 ಮಿಲಿಮೀಟರಿಗೆ ಪೂರ್ತಿ ಅರಳಿದರೂ ಒಳಬರುವ ಬೆಳಕು 16 ಪಟ್ಟು ಹೆಚ್ಚಬಹುದು, ಅಷ್ಟೇ. ಉಳಿದದ್ದನ್ನು ಅಕ್ಷಿಪಟಲದ ಜೀವಕೋಶಗಳು ನಿಭಾಯಿಸಬೇಕು. ಅವಕ್ಕೆ ಸಮಯ ಬೇಕು. ಕಗ್ಗತ್ತಲೆಗೆ ಸಂಪೂರ್ಣವಾಗಿ ಹೊಂದಿಕೊಳ್ಳಲು 20ರಿಂದ 30 ನಿಮಿಷ. ಸುರಂಗ ಅಷ್ಟು ಕೇಳುವುದಿಲ್ಲ, ಕೆಲವೇ ಸೆಕೆಂಡು ಸಾಕು. ಆದರೆ ಗಂಟೆಗೆ 60 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡಿರುತ್ತದೆ. ಒಳಹೋಗುವ ಮೊದಲೇ ಇನ್ನೊಂದು ತೊಡಕಿದೆ. ದೂರದಿಂದ ನೋಡುವಾಗ ಚಾಲಕನ ಕಣ್ಣು ಇನ್ನೂ ಬಿಸಿಲಿನ ಲೆಕ್ಕದಲ್ಲೇ ಇರುವುದರಿಂದ ಸುರಂಗದ ಬಾಯಿ ಅವನಿಗೆ ಬರೀ ಕಪ್ಪು ತೂತು. ಅದರೊಳಗೆ ಲಾರಿಯೊಂದು ಕೆಟ್ಟು ನಿಂತಿದ್ದರೂ ಕಾಣಿಸದು. ಕಾಣದಿದ್ದಾಗ ಮನುಷ್ಯ ಮಾಡುವುದು ಎರಡು: ಬ್ರೇಕ್ ಒತ್ತುತ್ತಾನೆ, ಗೋಡೆಯಿಂದ ದೂರ ಸರಿಯುತ್ತಾನೆ. ಎಡಬದಿಯಲ್ಲಿ ಓಡಿಸುವ ನಮಗೆ ಗೋಡೆಯಿಂದ ದೂರ ಎಂದರೆ ಬಲಕ್ಕೆ, ಪಕ್ಕದ ವಾಹನದ ದಾರಿಗೆ. ಹಿಂದಿರುವವನಿಗೆ ಈ ಎರಡೂ ಅನಿರೀಕ್ಷಿತ.

ಸುರಂಗಗಳ ನಾಡಾದ ನಾರ್ವೆಯಲ್ಲಿ 500ಕ್ಕೂ ಹೆಚ್ಚು ರಸ್ತೆ ಸುರಂಗಗಳ ಅಪಘಾತಗಳನ್ನು ಲೆಕ್ಕಹಾಕಿ 2000ದಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ತೋರಿಸಿತು. ಅಪಘಾತದ ಪ್ರಮಾಣ ಬಾಯಿಯ ಆಸುಪಾಸಿನಲ್ಲಿ ಹೆಚ್ಚು. ಒಳಹೋದಂತೆ ಇಳಿಯುತ್ತದೆ, ನಡುಭಾಗದಲ್ಲಿ ಅತಿ ಕಡಿಮೆ. ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣದಿಂದ ಸಕಲೇಶಪುರಕ್ಕೆ 55 ಕಿಲೋಮೀಟರಿನಲ್ಲಿ 57 ಸುರಂಗಗಳನ್ನು ರೈಲು ದಾಟುತ್ತದೆಯಲ್ಲ, ಅಲ್ಲಿಲ್ಲದ ಭಯ ರಸ್ತೆಯಲ್ಲೇಕೆ ಎಂದು ಕೇಳಬಹುದು. ರೈಲನ್ನು ಹಳಿ ಹಿಡಿದುಕೊಂಡಿರುತ್ತದೆ, ಮುಂದಿನ ದಾರಿ ಖಾಲಿಯಿದೆಯೇ ಎಂಬುದನ್ನು ಸಿಗ್ನಲ್ ಹೇಳುತ್ತದೆ. ರಸ್ತೆಯ ಚಾಲಕನಿಗೆ ಹಳಿಯೂ ಸಿಗ್ನಲೂ ಅವನ ಕಣ್ಣೇ.

ಹಾಗಾಗಿಯೇ ಸುರಂಗದ ದೀಪಗಳ ನಿಯಮ ನಮ್ಮ ಸಾಮಾನ್ಯ ಊಹೆಗೆ ತಿರುಗುಮುರುಗು: ಬಾಯಿಯ ಬಳಿ ಅತಿ ಹೆಚ್ಚು ಬೆಳಕು ಬೇಕಾದದ್ದು ರಾತ್ರಿಯಲ್ಲ, ನಡುಮಧ್ಯಾಹ್ನ. ಸಿಐಇ ಎಂಬ ಅಂತರರಾಷ್ಟ್ರೀಯ ಬೆಳಕಿನ ಆಯೋಗ 2004ರಲ್ಲಿ ಪರಿಷ್ಕರಿಸಿದ ಮಾರ್ಗದರ್ಶಿಯು ಸುರಂಗವನ್ನು ವಲಯಗಳಾಗಿ ಭಾಗಿಸುತ್ತದೆ. ಬ್ರೇಕ್ ಹಾಕಿ ನಿಲ್ಲಿಸಲು ಬೇಕಾಗುವಷ್ಟು ಉದ್ದದ ಹೊಸ್ತಿಲ ವಲಯದಲ್ಲಿ ಪ್ರಖರ ದೀಪ, ನಂತರ ಮೆಲ್ಲಗೆ ಇಳಿಯುವ ಬೆಳಕು, ಆಮೇಲೆ ಒಳಭಾಗದ ಮಂದ ಬೆಳಕು. ಅಂಗಳ, ಜಗಲಿ, ಚಾವಡಿ, ಒಳಕೋಣೆ! ಎಷ್ಟು ಪ್ರಖರವಾಗಿರಬೇಕು ಎಂಬುದನ್ನು ಹೊರಗಿನ ನೋಟವೇ ತೀರ್ಮಾನಿಸುತ್ತದೆ. ವಾಹನ ನಿಲ್ಲಿಸಲು ಬೇಕಾಗುವಷ್ಟು ದೂರದಲ್ಲಿ ನಿಂತು, ಸುರಂಗದ ಬಾಯಿಯತ್ತ 20 ಡಿಗ್ರಿಯ ಶಂಕುವಿನೊಳಗೆ ಕಾಣುವ ಆಕಾಶ, ರಸ್ತೆ, ಬಂಡೆ, ಮರ ಇವುಗಳ ಹೊಳಪನ್ನು ಅಳೆಯುತ್ತಾರೆ. ಆಕಾಶ ಹೆಚ್ಚು ಕಂಡಷ್ಟೂ, ರಸ್ತೆ ಬೆಳ್ಳಗಿದ್ದಷ್ಟೂ ಒಳಗೆ ಹೆಚ್ಚು ದೀಪ ಬೇಕು. ಕಡುಹಸಿರು ಹೆಚ್ಚಿದ್ದರೆ ಕಡಿಮೆ ಸಾಕು.

ಇಲ್ಲಿಯೇ ನಮ್ಮ ಘಾಟಿಯ ಪ್ರಶ್ನೆ ಏಳುವುದು. ಶಿರಾಡಿಯ ರಸ್ತೆಗೆ ಈಗ ಕಾಂಕ್ರೀಟ್ ಹಾಸಿದೆ. ಅದು ಡಾಂಬರಿಗಿಂತ ಬಹಳ ಹೊಳೆಯುತ್ತದೆ. ಬೆಳಿಗ್ಗೆ ಗುಂಡ್ಯದಿಂದ ಪೂರ್ವಕ್ಕೆ ಏರುವವನಿಗೆ ಸೂರ್ಯ ಎದುರಿಗೆ. ಇಂಥಲ್ಲಿ ಸುರಂಗದ ಬಾಯಿಗಾಗಿ ಗುಡ್ಡವನ್ನು ಬೋಳಿಸಿ, ಮುಖಕ್ಕೆ ಬಿಳಿ ಸಿಮೆಂಟು ಬಳಿದರೆ, ನಾವೇ ಕೈಯಾರೆ ಆ ಕಪ್ಪು ತೂತನ್ನು ಇನ್ನಷ್ಟು ಕಪ್ಪಾಗಿಸಿದಂತೆ. ಬಾಯಿಯ ಮೇಲಿನ ಮತ್ತು ಬದಿಯ ಕಾಡನ್ನು ಉಳಿಸಿದರೆ ಅದು ಕರೆಂಟು ಬೇಡದ ಜಗಲಿ. ಕಾಡಿನ ಪರವಾಗಿ ಮಾತಾಡಿದರೆ ಭಾವುಕತೆ ಎನ್ನುವವರು ಈ ಲೆಕ್ಕವನ್ನೊಮ್ಮೆ ನೋಡಬೇಕು.

ಇದಕ್ಕೆ ಆಕ್ಷೇಪಗಳಿವೆ, ಕೆಲವು ಗಟ್ಟಿಯಾದವೇ. ಮಾಣಿಯಿಂದ ಪುತ್ತೂರು, ಸುಳ್ಯ ದಾಟಿ ಸಂಪಾಜೆ ಘಾಟಿ ಹತ್ತುವವರಿಗೆ, ಕಡಬದ ಕಾಡಿನ ನಡುವೆ ಸುಬ್ರಹ್ಮಣ್ಯಕ್ಕೆ ಹೋಗುವವರಿಗೆ ಬಿಸಿಲು ನೆರಳಿನ ಆಟ ಹೊಸದೇ ಎಂದು ಕೇಳುವವರಿದ್ದಾರೆ. ಹೊಸದಲ್ಲ. ಆದರೆ ರಬ್ಬರ್ ತೋಟದ ನೆರಳಲ್ಲೂ ನೂರಾರು ಲಕ್ಸ್ ಬೆಳಕಿರುತ್ತದೆ, ಎಲೆಗಳ ಸಂದಿಯಿಂದ ಆಕಾಶ ಇಣುಕುತ್ತದೆ. ಅಭ್ಯಾಸವು ತಿರುವನ್ನು ನೆನಪಿಡಲು ಕಲಿಸುತ್ತದೆ, ಪಾಪೆಯ ವೇಗವನ್ನು ಹೆಚ್ಚಿಸುವುದಿಲ್ಲ. ವಯಸ್ಸಾದಂತೆ ಪಾಪೆ ಕಿರಿದಾಗಿ, ಕಣ್ಣಿನ ಮಸೂರ ಹಳದಿಗಟ್ಟುತ್ತದೆ. 60 ದಾಟಿದವರ ಅಕ್ಷಿಪಟಲಕ್ಕೆ ತಲುಪುವ ಬೆಳಕು 20ರ ಹರೆಯದವರದ್ದರ ಸುಮಾರು ಮೂರನೇ ಒಂದು ಪಾಲು. ಕುಕ್ಕೆ ಸುಬ್ರಹ್ಮಣ್ಯಕ್ಕೆ ಬರುವ ಸಾವಿರಾರು ವಾಹನಗಳಲ್ಲಿ ಈ ದಾರಿಯನ್ನೇ ಮೊದಲ ಸಲ ನೋಡುವವರೂ ಇರುತ್ತಾರೆ.

ಹೆಡ್‌ಲೈಟ್ ಹಾಕಿ ನಿಧಾನವಾಗಿ ಹೋದರಾಯಿತು ಎಂಬುದು ಇನ್ನೊಂದು ಮಾತು. ಹೆಡ್‌ಲೈಟ್ ಹಾಕಲೇಬೇಕು, ತಂಪು ಕನ್ನಡಕವನ್ನು ಮೊದಲೇ ತೆಗೆಯಲೇಬೇಕು. ವೇಗವನ್ನು ಬಾಯಿಗೆ ಬಂದಮೇಲಲ್ಲ, ಅದಕ್ಕೂ ಸಾಕಷ್ಟು ಹಿಂದೆಯೇ ಇಳಿಸಬೇಕು. ಆದರೆ ಬಿಸಿಲಿಗೆ ಹೊಂದಿಕೊಂಡ ಕಣ್ಣಿಗೆ ಹೊರಗಿನಿಂದ ಸುರಂಗದೊಳಗನ್ನು ತೋರಿಸುವ ಶಕ್ತಿ ಯಾವ ಹೆಡ್‌ಲೈಟಿಗೂ ಇಲ್ಲ. ಇನ್ನು, ಮರ ಉರುಳಿದರೆ, ಗುಡ್ಡ ಜರಿದರೆ ಎಂಬ ಭಯ. ಶಿರಾಡಿಯ ಮಳೆಗಾಲ ಕಂಡವರು ಇದನ್ನು ತಳ್ಳಿಹಾಕಲಾರರು. ಅಪಾಯದ ಮರಗಳನ್ನು ತೆಗೆಯಲೇಬೇಕು. ಆದರೆ ಇಳಿಜಾರಿನ ಮಣ್ಣನ್ನು ಹಿಡಿದಿಡುವುದೂ ಬೇರುಗಳೇ. ಹೆಮ್ಮರ ನಿಲ್ಲಲಾಗದ ಕಡೆ ಪೊದೆ, ಬಿದಿರು, ಬಳ್ಳಿ ಹಬ್ಬಿದ ಗೋಡೆ, ಕಪ್ಪು ಕಲ್ಲಿನ ಮುಖ, ಬಾಯಿಗೆ ಮುನ್ನ ಒಂದಷ್ಟು ದೂರ ಡಾಂಬರು ಇವೂ ಅದೇ ಕೆಲಸ ಮಾಡುತ್ತವೆ.

ಆ 20 ಡಿಗ್ರಿಯ ಅಳತೆಯನ್ನು ಕಚೇರಿಯ ನಕ್ಷೆಯ ಮೇಲೆ ಮಾಡಿ ಮುಗಿಸಬಾರದು. ಗುಂಡ್ಯದಲ್ಲಿ, ರಸ್ತೆಯ ಮೇಲೆಯೇ ನಿಂತು, ಆಕಾಶ ತಿಳಿಯಾಗಿರುವ ಜನವರಿಯ ಬಿಸಿಲಿನಲ್ಲಿ ಒಮ್ಮೆ, ಮುಂಗಾರಿನ ಮೋಡದಲ್ಲಿ ಇನ್ನೊಮ್ಮೆ ಅಳೆಯಬೇಕು. ಮೊದಲ ಮರಕ್ಕೆ ಗರಗಸ ತಾಗುವ ಮುಂಚೆ.