ಹೊಟ್ಟೆ ಕಾಣುವ ಮೊದಲೇ ಕುಬಸ ಬಿಗಿ: ಬಸುರಿನ ಮೊದಲ ಮೂರು ತಿಂಗಳಲ್ಲಿ ದೇಹಕ್ಕೆ ಏನಾಗುತ್ತದೆ?

ರೋಣ/ನರಗುಂದ/ಗಜೇಂದ್ರಗಡ: ಈ ಭಾಗದಲ್ಲಿ ಬಸುರಿಗೆ ಐದು ಇಲ್ಲವೇ ಏಳನೇ ತಿಂಗಳಲ್ಲಿ ಕುಬಸ ಮಾಡುತ್ತಾರೆ. ಹಸಿರು ಸೀರೆ, ಹಸಿರು ಬಳೆ, ಹೊಸ ಕುಬಸ, ಮುಡಿ ತುಂಬ ಹೂವು. ಆ ಹೊತ್ತಿಗೆ ಹೊಟ್ಟೆ ಕಾಣುತ್ತಿರುತ್ತದೆ, ನೋಡಿದವರು ‘ಮಾರಿಗೆ ಕಳೆ ಬಂದೈತಿ’ ಅಂತಾರೆ. ಆದರೆ ಹಳೇ ಕುಬಸ ಬಿಗಿಯಾಗುವುದು ಅದಕ್ಕೂ ಬಹಳ ಮೊದಲು, ಎಷ್ಟೋ ಜನರಿಗೆ ಎರಡನೇ ತಿಂಗಳಲ್ಲೇ. ಆಗ ಮನೆಯ ಒಂದಿಬ್ಬರನ್ನು ಬಿಟ್ಟರೆ ಯಾರಿಗೂ ಸುದ್ದಿ ಹೇಳಿರುವುದಿಲ್ಲ. ಸಂತೆಯಲ್ಲಿ ಸಿಕ್ಕವರು ‘ಯಾಕವಾ, ಮಾರಿ ಇಷ್ಟ ಸೊರಗೇತಿ?’ ಅಂತಲೋ, ‘ದಪ್ಪ ಆಗಿಯಲ್ಲ’ ಅಂತಲೋ ಕೇಳಿದರೆ ಉತ್ತರ ಕೊಡಲೂ ಆಗದು.

ಯಾಕೆ ಹೀಗೆ?
ಗರ್ಭ ನಿಂತ ಮೇಲೆ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಹಾರ್ಮೋನುಗಳು ಏರುತ್ತವೆ. ಎದೆ ಭಾರವಾಗಿ ನೋಯುತ್ತದೆ, ಮೊಲೆತೊಟ್ಟಿನ ಸುತ್ತ ಬಣ್ಣ ಗಾಢವಾಗುತ್ತದೆ. ಕರುಳಿನ ಚಲನೆ ನಿಧಾನವಾಗಿ ಹೊಟ್ಟೆ ಉಬ್ಬರಿಸುತ್ತದೆ, ಮಲಬದ್ಧತೆಯೂ ಆಗಬಹುದು. ಕೆಲವರ ಮುಖದಲ್ಲಿ ಮೊಡವೆ, ಬಂಗು ಕಾಣಿಸುತ್ತದೆ. ವಾಕರಿಕೆ ಸಾಮಾನ್ಯವಾಗಿ ಆರನೇ ವಾರದ ಆಸುಪಾಸು ಶುರುವಾಗಿ, 12ರಿಂದ 16 ವಾರದೊಳಗೆ ಹೆಚ್ಚಿನವರಿಗೆ ತಗ್ಗುತ್ತದೆ. ಈ ಅವಧಿಯಲ್ಲಿ ತೂಕ ಒಂದೆರಡು ಕಿಲೋ ಏರಬಹುದು, ಏರದೆಯೂ ಇರಬಹುದು.

ಮುಖ ಸೊರಗಿದರೆ ಇಂಥ ಮಗು, ಕಳೆ ಬಂದರೆ ಇಂಥ ಮಗು ಅನ್ನುವ ಮಾತಿಗೆ ಆಧಾರವಿಲ್ಲ. ಕೇಸರಿ ಹಾಲು ಕುಡಿದರೆ ಮಗು ಬೆಳ್ಳಗಾಗುತ್ತದೆ ಎನ್ನುವುದೂ ಅಷ್ಟೇ.

ಕನ್ನಡಿ ನೋಡಿ ಊಟ ಬಿಡಬೇಡಿ
ಅಪಾಯ ಇರುವುದು ಬದಲಾವಣೆಯಲ್ಲಲ್ಲ, ಅದನ್ನು ಮುಚ್ಚಲು ಮಾಡುವ ಉಪಾಯಗಳಲ್ಲಿ. ದಪ್ಪ ಆಗುತ್ತೇನೆಂದು ಊಟ ಬಿಟ್ಟರೆ ರಕ್ತಹೀನತೆ ಹೆಚ್ಚುತ್ತದೆ. ಬಸುರಿಯ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಾದರೆ ಅದು ರಕ್ತಹೀನತೆಯೇ. ಹೊಟ್ಟೆ ತುಂಬ ಉಣ್ಣಲು ಆಗದಿದ್ದರೆ ಸ್ವಲ್ಪ ಸ್ವಲ್ಪವಾಗಿ ಐದಾರು ಸಲ ಉಣ್ಣಬಹುದು. ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಮಜ್ಜಿಗೆ ಸಾಕು, ದುಬಾರಿ ಪುಡಿ ಬೇಕಿಲ್ಲ.

ಬಂಗಿಗೆ, ಮೊಡವೆಗೆ ಕಂಡಕಂಡ ಮುಲಾಮು ಹಚ್ಚಬೇಡಿ. ಬೆಳ್ಳಗಾಗಿಸುವ ಕೆಲವು ಕ್ರೀಮುಗಳಲ್ಲಿ ಪಾದರಸ ಇರುತ್ತದೆ, ಅದು ಮಗುವಿನ ಮಿದುಳಿಗೆ ಹಾನಿಕರ. ರೆಟಿನಾಯ್ಡ್ ಇರುವ ಮೊಡವೆ ಔಷಧಿಯೂ ಬಸುರಿಗೆ ಸಲ್ಲ. ಔಷಧಿ ಅಂಗಡಿಯವರು ‘ಬಸುರಿ ಅದೀರೇನವಾ?’ ಎಂದು ಒಂದು ಮಾತು ಕೇಳಿ ಕೊಡುವುದು ಒಳ್ಳೆಯದು. ಬಿಸಿಲಿಗೆ ಹೋಗುವಾಗ ತಲೆ ಮೇಲೆ ಸೆರಗು ಇದ್ದರೆ ಬಂಗು ಹೆಚ್ಚದು. ಹೆರಿಗೆಯಾದ ಮೇಲೆ ಅದು ಬಹಳಷ್ಟು ತಾನಾಗಿ ಮಾಸುತ್ತದೆ.

ಊರಿಗೆ ಹೇಳದಿದ್ದರೂ ಆಶಾಗೆ ಹೇಳಿ
ಸುದ್ದಿ ಗುಟ್ಟಾಗಿರಲಿ, ಆದರೆ 12 ವಾರದೊಳಗೆ ಆಶಾ ಕಾರ್ಯಕರ್ತೆ ಹತ್ತಿರ ಹೆಸರು ಬರೆಸಿ ತಾಯಿ ಕಾರ್ಡ್ ಮಾಡಿಸಬೇಕು. ಮಗುವಿನ ಮಿದುಳು, ಬೆನ್ನುಹುರಿ ರೂಪುಗೊಳ್ಳುವುದು ಈ ವಾರಗಳಲ್ಲೇ, ಅದಕ್ಕೆ ಫೋಲಿಕ್ ಆಮ್ಲದ ಮಾತ್ರೆ ಬೇಕು. ಕಾರ್ಡಿನಲ್ಲಿ ತೂಕ, ಬಿಪಿ, ರಕ್ತದ ಪ್ರಮಾಣ ಬರೆಯುತ್ತಾರೆ. ನಿಮ್ಮ ತೂಕ ಸರಿ ಇದೆಯೋ ಇಲ್ಲವೋ ಹೇಳಬೇಕಾದದ್ದು ಆ ಕಾರ್ಡು, ಓಣಿಯ ಮಂದಿ ಅಲ್ಲ. ನಾಲ್ಕನೇ ತಿಂಗಳಿನಿಂದ ಪ್ರತಿ ತಿಂಗಳು 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ವೈದ್ಯರಿಂದ ಉಚಿತ ತಪಾಸಣೆ ಇರುತ್ತದೆ.

ರಕ್ತಸ್ರಾವ, ತೀವ್ರ ಹೊಟ್ಟೆನೋವು, ನೀರೂ ನಿಲ್ಲದಷ್ಟು ವಾಂತಿ ಆದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ತುರ್ತಿಗೆ 108.

ಮನಸ್ಸಿನ ಮಾತು
ಮಗು ಬೇಕೆಂದು ಬಯಸಿದವಳಿಗೂ ಕನ್ನಡಿ ಮುಂದೆ ಅಳು ಬರಬಹುದು. ಅದು ತಪ್ಪಲ್ಲ, ಸೊಕ್ಕೂ ಅಲ್ಲ. ಎರಡು ವಾರ ಕಳೆದರೂ ಬೇಸರ ಹೋಗದಿದ್ದರೆ, ನಿದ್ದೆ, ಊಟ ಬಿಟ್ಟರೆ ವೈದ್ಯರಿಗೆ ಹೇಳಬೇಕು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಗಂಡ, ಅತ್ತೆ ಮಾಡಬೇಕಾದದ್ದು ದೊಡ್ಡದೇನಲ್ಲ. ‘ಹೆಂಗ ಕಾಣಾಕತ್ತಿ’ ಅನ್ನುವ ಬದಲು ‘ಏನು ಉಣ್ಣಾಕ ಬೇಕು?’ ಅಂತ ಕೇಳಿದರೆ ಆಯಿತು. ಇನ್ನು ಕುಬಸ ಬಿಗಿಯಾಗಿದ್ದರೆ ಬಿಗಿದುಕೊಂಡೇ ತಿರುಗುವುದು ಬೇಡ. ಟೇಲರು ಒಳಗೆ ಬಿಟ್ಟ ಬಟ್ಟೆ ಇರುತ್ತದಲ್ಲ, ಒಂದು ಹೊಲಿಗೆ ಬಿಚ್ಚಿಸಿಕೊಂಡರೆ ಸಾಕು.