ಅಥೆನ್ಸಿನ ಪ್ರಜಾಪ್ರಭುತ್ವದಲ್ಲಿ ಚೀಟಿಯ ಸ್ಥಾನ

ಗ್ರೀಕರನ್ನು ಕನ್ನಡಿಗರು ಅರಿತುದು ಬಹುಮಟ್ಟಿಗೆ ಅವರ ನಾಟಕಗಳ ಮೂಲಕ. ಈಸ್ಕಿಲಸನ ನಾಟಕವೊಂದನ್ನು ಬಿ. ಎಂ. ಶ್ರೀಕಂಠಯ್ಯನವರು 'ಪಾರಸಿಕರು' ಎಂಬ ಹೆಸರಿನಿಂದ ಕನ್ನಡಕ್ಕೆ ತಂದುದು ವಾಚಕರಿಗೆ ತಿಳಿದೇ ಇದೆ. ಆದರೆ ಆ ನಾಟಕಗಳನ್ನು ಕಾಣಲು ನೆರೆಯುತ್ತಿದ್ದ ಪೌರರ ಸಮಾಜವು ಎಂತಹುದೆಂದು ವಿಚಾರಿಸತೊಡಗಿದರೆ, ನಮಗೆ ಚಿರಪರಿಚಿತವಾದ ಶಬ್ದಗಳೇ ನಮ್ಮನ್ನು ತಪ್ಪುದಾರಿಗೆ ಎಳೆಯುವುದುಂಟು. 'ಪ್ರಜಾಪ್ರಭುತ್ವ' ಎಂಬುದು ಅಂತಹ ಒಂದು ಶಬ್ದ.

ಗ್ರೀಕರ 'ದೇಮೊಕ್ರತಿಯಾ' ಎಂಬ ಪದದಲ್ಲಿ 'ದೇಮೊಸ್' ಎಂದರೆ ಜನ. 'ಕ್ರತೊಸ್' ಎಂದರೆ ಬಲ, ಅಧಿಕಾರ. ಇಂದು ಪ್ರಜಾಪ್ರಭುತ್ವವೆಂದೊಡನೆ ನಮಗೆ ಚುನಾವಣೆಯೂ ಪ್ರತಿನಿಧಿಗಳೂ ನೆನಪಿಗೆ ಬರುವರು. ಅಥೆನ್ಸಿನ ಪೌರನ ಭಾವನೆ ಬೇರೆ. ಅಧಿಕಾರಿಗಳನ್ನು ಚೀಟಿಯೆತ್ತಿ ನೇಮಿಸುವುದು ಜನಪ್ರಭುತ್ವದ ಲಕ್ಷಣವೆಂದೂ, ಮತದಿಂದ ಆರಿಸುವುದು ಕೆಲವರ ಪ್ರಭುತ್ವದ ಲಕ್ಷಣವೆಂದೂ ಎಣಿಕೆಯಿತ್ತೆಂದು ಅರಿಸ್ಟಾಟಲನು ತನ್ನ 'ರಾಜನೀತಿ'ಯಲ್ಲಿ ಹೇಳುತ್ತಾನೆ. ಮತಕ್ಕೆ ನಿಂತಾಗ ಸಿರಿವಂತನಿಗೂ ಕುಲೀನನಿಗೂ ಮೇಲುಗೈ. ಚೀಟಿಗೆ ಇವರ ಪರಿಚಯವಿಲ್ಲ.

ಕ್ರಿ. ಪೂ. 508-07ರಲ್ಲಿ ಕ್ಲೈಸ್ತನೀಸನು ಪೌರರನ್ನು ಹತ್ತು ಗಣಗಳಾಗಿ ವಿಂಗಡಿಸಿದನು. ಗಣಕ್ಕೆ 50ರಂತೆ 500 ಮಂದಿಯ ಮಂತ್ರಾಲೋಚನಾ ಸಭೆಗೆ ಮುಂದೆ ಸದಸ್ಯರು ಚೀಟಿಯಿಂದಲೇ ಬರುತ್ತಿದ್ದರು. ಅವರ ಅವಧಿ ಒಂದು ವರ್ಷ. ಜೀವಮಾನದಲ್ಲಿ ಎರಡು ಸಲಕ್ಕಿಂತ ಹೆಚ್ಚಿಗೆ ಯಾರೂ ಅಲ್ಲಿ ಕೂರುವಂತಿರಲಿಲ್ಲ. ಆದರೆ ಹತ್ತು ಮಂದಿ ಸೇನಾನಿಗಳನ್ನು ಮಾತ್ರ ಕೈಯೆತ್ತಿ ಆರಿಸುತ್ತಿದ್ದರು. ಅನುಭವವು ಎಲ್ಲಿ ಅನಿವಾರ್ಯ, ಎಲ್ಲಿ ಅಲ್ಲ ಎಂಬ ವಿವೇಚನೆ ಅವರಲ್ಲಿತ್ತೆಂಬುದಕ್ಕೆ ಇದು ಸಾಕ್ಷಿ. 'ಆರ್ಕನ್' ಎಂಬ ಅಧಿಕಾರಿಯನ್ನು ಪದವಿಗೇರುವ ಮುನ್ನ ಪರೀಕ್ಷಿಸುವಾಗ ಕೇಳುತ್ತಿದ್ದುದು ಪಾಂಡಿತ್ಯವನ್ನಲ್ಲ: ನಿನ್ನ ತಂದೆತಾಯಿ ಯಾರು, ಪೂರ್ವಿಕರ ಸಮಾಧಿಗಳು ಎಲ್ಲಿವೆ, ಹೆತ್ತವರನ್ನು ಚೆನ್ನಾಗಿ ನೋಡಿಕೊಳ್ಳುವೆಯಾ, ತೆರಿಗೆ ಸಲ್ಲಿಸಿರುವೆಯಾ, ದಂಡಿಗೆ ಹೋಗಿರುವೆಯಾ ಎಂದು.

ಈ ಚೀಟಿಯ ಸಾಧನವನ್ನು ಅರಿಯುವುದರಲ್ಲಿಯೂ ವಿದ್ವಾಂಸರು ಎಡವಿದುದುಂಟು. ಅರಿಸ್ಟಾಟಲನ ಹೆಸರಿನಲ್ಲಿರುವ 'ಅಥೆನ್ಸಿನ ರಾಜ್ಯವ್ಯವಸ್ಥೆ' 1891ರಲ್ಲಿ ಪ್ರಕಟವಾದಾಗ, ಅದರಲ್ಲಿಯ 'ಕ್ಲೇರೊತೇರಿಯೊನ್' ಎಂಬುದು ಒಂದು ಕೊಠಡಿಯೆಂದು ಭಾವಿಸಿದ್ದರು. ಅಥೆನ್ಸಿನ ಪುರಾತನ ಅಂಗಡಿಬೀದಿಯ ಉತ್ಖನನದಲ್ಲಿ ದೊರೆತ ಕಲ್ಲುಗಳನ್ನು ಪರಿಶೀಲಿಸಿ, ಅದು ಯಂತ್ರವೆಂದು ಸ್ಟರ್ಲಿಂಗ್ ಡೌ ಎಂಬ ವಿದ್ವಾಂಸನು 1930ರ ದಶಕದಲ್ಲಿ ತೋರಿಸಿದನು. ಕಲ್ಲಿನ ಹಲಗೆಯಲ್ಲಿ ಸಾಲುಸಾಲಾದ ಸೀಳುಗಳು. ಅವುಗಳಲ್ಲಿ ಪೌರರ ಹೆಸರಿನ ಬಿಲ್ಲೆಗಳು. ಪಕ್ಕದ ಕೊಳವೆಯಿಂದ ಬಿಳಿಯ ಗುಂಡು ಇಳಿದರೆ ಆ ಸಾಲಿನವರೆಲ್ಲರೂ ಆಯ್ಕೆ, ಕರಿಯದು ಇಳಿದರೆ ಎಲ್ಲರೂ ಹೊರಗೆ.

ಇದರ ಅರ್ಥವೇನು? ಫ್ರೆಂಚ್ ಇತಿಹಾಸಜ್ಞ ಫ್ಯೂಸ್ತೆಲ್ ದ ಕೂಲಾಂಜನು 1864ರಲ್ಲಿ ಚೀಟಿಯನ್ನು ದೈವೇಚ್ಛೆಯ ಪ್ರಕಟನೆಯೆಂದನು. 1891ರಲ್ಲಿ ಇಂಗ್ಲೆಂಡಿನ ಹೆಡ್ಲಮನು ಇದನ್ನೊಪ್ಪದೆ, ಯಾವ ಅಧಿಕಾರಿಯೂ ಜನಸಭೆಯನ್ನು ಮೀರಿ ಬೆಳೆಯದಂತೆ ಹೂಡಿದ ಉಪಾಯವೆಂದು ವಾದಿಸಿದನು. ಇಬ್ಬರೂ ಅರಸಿದುದು ಅಥೆನ್ಸಿನವರ ಮನಸ್ಸಿನಲ್ಲಿದ್ದ ಕಾರಣವನ್ನು ಎಂಬುದು ಗಮನಾರ್ಹ.

ನಮ್ಮಲ್ಲಿಯೂ ಇದಿತ್ತಲ್ಲವೇ ಎಂದು ತಮಿಳುನಾಡಿನ ಉತ್ತರಮೇರೂರಿನ 10ನೆಯ ಶತಮಾನದ ಶಾಸನವನ್ನು ತೋರಿಸುವುದು ಸಹಜ. ಅಲ್ಲಿಯೂ ಹೆಸರಿನ ಓಲೆಗಳನ್ನು ಕೊಡದಲ್ಲಿ ಹಾಕಿ ಬಾಲಕನಿಂದ ಎತ್ತಿಸುತ್ತಿದ್ದರು. ಆದರೆ ಅಲ್ಲಿ ಭೂಮಿ, ಸ್ವಂತ ಮನೆ, ವೇದಜ್ಞಾನ ಇವು ಅರ್ಹತೆಗಳು. ವಿಧಾನವು ಒಂದೇ ಆದರೂ ಆಶಯವು ಒಂದಲ್ಲ.

ಅಥೆನ್ಸಿನ ಸಮಾನತೆಯಿಂದ ಸ್ತ್ರೀಯರೂ ದಾಸರೂ ಪರಸ್ಥಳದಿಂದ ಬಂದು ನೆಲಸಿದವರೂ ಹೊರಗುಳಿದಿದ್ದರು. ಅದನ್ನು ಮುಚ್ಚಿಡಬೇಕಾಗಿಲ್ಲ. ಒಂದು ಸಮಾಜವನ್ನು ಅದರ ದೃಷ್ಟಿಯಿಂದ ಅರಿಯುವುದೆಂದರೆ ಅದನ್ನು ಸಮರ್ಥಿಸುವುದೆಂದಲ್ಲ. ತೀರ್ಪಿಗೆ ಮೊದಲು ವಿಚಾರಣೆ ನಡೆಯಬೇಕೆಂದಷ್ಟೆ. ಹಾಗೆ ಅರಿತಾಗ, ಮತದಾನವೊಂದೇ ಪ್ರಜಾಪ್ರಭುತ್ವದ ಸರ್ವಸ್ವವೆಂಬ ನಮ್ಮ ನಂಬಿಕೆಯೂ ಪರಾಮರ್ಶೆಗೆ ಒಳಗಾಗುವುದು.